ಅನುಭವ ಇದೆಯಾ?

ಗವಿಪುರಂನ ಗಂಗಾಧರೇಶ್ವರ ಗುಡಿಯ ಎದುರು ಬಿಕಾಂ ಪದವೀಧರನೊಬ್ಬ ಮೊಬೈಲಿನಲ್ಲಿ ಕೆಲಸ ಹುಡುಕುತ್ತಿದ್ದ.

“ಸಂಕ್ರಾಂತಿ ಸಂಜೆ ನಂದಿ ಕೊಂಬಿನ ಸಂದಿಯಿಂದ ಸೂರ್ಯನೇ ಗವಿಯೊಳಗೆ ನುಗ್ತಾನೆ. ನಿನಗೊಂದು ಆಫೀಸಿಗೆ ನುಗ್ಗೋಕಾಗಲ್ವಾ?” ಎಂದರು ತಾತ.

“ಸೂರ್ಯನಿಗೆ ಎಕ್ಸ್‌ಪೀರಿಯೆನ್ಸ್ ಇದೆ ತಾತ. ಇಲ್ಲಿ ಫ್ರೆಶರ್ ಹುದ್ದೆಗೂ ಎರಡು ವರ್ಷದ ಅನುಭವ ಕೇಳ್ತಾರೆ.”

“ಯುವನಿಧಿ?”

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯೋಜನೆಯದು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಪಾಸಾಗಿ 180 ದಿನ ಕೆಲಸವಿಲ್ಲದೆ ಕಳೆದಿರಬೇಕು. ಹಣ ಗರಿಷ್ಠ ಎರಡು ವರ್ಷ.

“ಖಾಲಿ ಕೂತಿದ್ದನ್ನೂ ಅರ್ಹತೆ ಅಂತ ಎಣಿಸೋರು ಸರ್ಕಾರದವರೊಬ್ಬರೇ!” (ಖಾಸಗಿಯವರು ಅದನ್ನೇ ‘ಗ್ಯಾಪ್’ ಅಂತಾರೆ.)

“ಎರಡು ವರ್ಷ ಮುಗಿದ ಮೇಲೆ?”

“ರೆಸ್ಯೂಮೆಗೆ ಹಾಕ್ತೀನಿ, ಸರ್ಕಾರಿ ದುಡ್ಡಲ್ಲಿ ಎರಡು ವರ್ಷದ ಅನುಭವ.”

“ಹುದ್ದೆ ಯಾವುದು ಅಂದರೆ?”

“ಸೀನಿಯರ್ ನಿರುದ್ಯೋಗಿ.”