ಕಡಲತಡಿಯ ಶಿಲಾರೋಹಣ ಮೀಮಾಂಸೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಯಾವ ಶಾಸ್ತ್ರವೂ ಮುಂದುವರಿಯತಕ್ಕದ್ದಲ್ಲವೆಂಬ ಪ್ರಾಚೀನರ ಕಟ್ಟಳೆಗೆ ತಲೆಬಾಗಿ, ಶುಕ್ರವಾರದ ರಾತ್ರಿ ಬೆಂಗಳೂರಿನಲ್ಲಿ ಬಸ್ಸೇರಿ, ಶನಿವಾರ ಭಾನುವಾರಗಳೆರಡನ್ನೂ ಗೋಕರ್ಣದ ಓಂ ಕಡಲತೀರದ ಕರಿಬಂಡೆಗಳ ಮೇಲೆ, ನಿಜವನ್ನೇ ನುಡಿಯುವುದಾದರೆ ಬಹುಮಟ್ಟಿಗೆ ಅವುಗಳ ಕೆಳಗೆ, ಕಳೆದುಬಂದ ನಾಲ್ವರು ಮಿತ್ರರ ಅನುಭವವನ್ನು ಆಧರಿಸಿದ ಈ ಅಲ್ಪಗ್ರಂಥವೂ ಆ ನಾಲ್ಕನ್ನು ವಿಚಾರಿಸುವುದು. ಪ್ರಯೋಜನವನ್ನು ಮಾತ್ರ ಕೊನೆಗಿಟ್ಟುಕೊಂಡಿದ್ದೇನೆ. ಕಾರಣವು ಅಲ್ಲಿಯೇ ವಿದಿತವಾಗುವುದು.

ಮೊದಲು ವಿಷಯ, ಎಂದರೆ ಅದರ ಲಕ್ಷಣ. ಹಗ್ಗದ ಹಂಗಿಲ್ಲದೆ ಬಂಡೆಯನ್ನು ಏರುವುದೇ ಬೋಲ್ಡರಿಂಗ್ ಎಂದರೆ ಅತಿವ್ಯಾಪ್ತಿ ದೋಷವು ಬರುವುದು. ಏಕೆಂದರೆ ಆಡು ಮುಟ್ಟದ ಸೊಪ್ಪಿಲ್ಲವೆಂಬಂತೆ ಆಡು ಏರದ ಬಂಡೆಯೂ ಇಲ್ಲ, ಆದರೂ ಆಡನ್ನು ಯಾರೂ ಬೋಲ್ಡರರ್ ಎಂದು ಕರೆದುದಿಲ್ಲ. ಆದುದರಿಂದ, ಸುಲಭವಾದ ದಾರಿಯೊಂದು ಇರುವಾಗ್ಯೂ ಅದನ್ನು ಬುದ್ಧಿಪೂರ್ವಕವಾಗಿ ತ್ಯಜಿಸಿ, ಬಿದ್ದರೆ ಹೆಚ್ಚಾಗಿ ಮಾನಕ್ಕೂ ಒಮ್ಮೊಮ್ಮೆ ಕಣಕಾಲಿಗೂ ಪೆಟ್ಟಾಗುವಷ್ಟು ಎತ್ತರದ ಬಂಡೆಯನ್ನು ಹಗ್ಗವಿಲ್ಲದೆ ಏರುವುದೇ ಬೋಲ್ಡರಿಂಗ್ ಎಂದು ಪರಿಷ್ಕರಿಸತಕ್ಕದ್ದು. ತ್ಯಾಗವೆಂಬ ಪದದಿಂದಲೇ ಆಡಿನ ನಿರಾಕರಣವಾಯಿತು.

ಇನ್ನು ಸಂಬಂಧ. ಈ ಮಾರ್ಗದವರು ಏರಬೇಕಾದ ಪ್ರತಿಯೊಂದು ದಾರಿಯನ್ನೂ ‘ಪ್ರಾಬ್ಲಂ’ ಎನ್ನುವರು. 1950ರ ದಶಕದಲ್ಲಿ ಅಂಗಸಾಧಕರು ಕೈಗೆ ಬಳಿದುಕೊಳ್ಳುವ ಬಿಳಿಯ ಪುಡಿಯನ್ನು ಬಂಡೆಗೆ ತಂದು, ಈ ವಿದ್ಯೆಗೆ ಆಧುನಿಕ ರೂಪವನ್ನಿತ್ತ ಅಮೆರಿಕದ ಜಾನ್ ಗಿಲ್ ಮುಂದೆ ಗಣಿತದ ಪ್ರಾಧ್ಯಾಪಕರಾದರೆಂಬುದನ್ನು ಕೇಳಿದವರು, ಇದು ಲೆಕ್ಕದ ಮೇಷ್ಟರ ಸಮಸ್ಯೆಯೆಂದು ಭ್ರಮಿಸಿಯಾರು. ನಮ್ಮ ಮತದಲ್ಲಿ ಇದು ಆಶುಕವಿಯ ಅವಧಾನದಲ್ಲಿ ಒಡ್ಡುವ ಸಮಸ್ಯೆಯೇ ಸರಿ. ಪೃಚ್ಛಕನು ಅರ್ಥಕ್ಕೆ ಒಗ್ಗದ ಪಾದವೊಂದನ್ನಿತ್ತು ಉಳಿದುದನ್ನು ಪೂರೈಸೆನ್ನುವಂತೆ, ಬಂಡೆಯು ಕಾಲಿಗೆ ಒಗ್ಗದ ಅಂಚೊಂದನ್ನಿತ್ತು ಉಳಿದ ಶರೀರವನ್ನು ನೀನೇ ಪೂರೈಸಿಕೊ ಎನ್ನುವುದು. “ಆ ದೊಡ್ಡ ಹಿಡಿಯನ್ನು ಮುಟ್ಟಕೂಡದು” ಎಂದು ಮಿತ್ರರು ಕೆಳಗಿನಿಂದ ವಿಧಿಸುವುದು ಸಾಕ್ಷಾತ್ ನಿಷೇಧಾಕ್ಷರಿ. ತೂಗಾಡುತ್ತಿರುವವನನ್ನು “ಮಧ್ಯಾಹ್ನ ಮೀನೂಟವೋ, ಸಸ್ಯಾಹಾರವೋ?” ಎಂದು ಕೇಳುವವನಿಂದ ಅಪ್ರಸ್ತುತಪ್ರಸಂಗವೂ ಸಿದ್ಧಿಸಿತು.

ಶುಷ್ಕವಾತದ ಹಂಪೆಯೋ ಪ್ಯಾರಿಸ್ಸಿನ ಸಮೀಪದ ಫಾಂಟೆನ್‌ಬ್ಲೋ ಅರಣ್ಯವೋ ಈ ವಿದ್ಯೆಯ ಕ್ಷೇತ್ರಗಳೆಂದು ವಾದಿಸುವವರು ಗೋಕರ್ಣದ ಸ್ಥಳಪುರಾಣವನ್ನು ಮರೆತವರು. ಆತ್ಮಲಿಂಗವನ್ನು ನೆಲಕ್ಕೆ ತಾಗಿಸದೆ ಲಂಕೆಗೆ ಒಯ್ಯುತ್ತಿದ್ದ ರಾವಣನು, ಸಂಧ್ಯಾವಂದನೆಯ ಹೊತ್ತಾಯಿತೆಂದು ಅದನ್ನು ವಟುವೇಷದ ಗಣಪತಿಯ ಕೈಗಿತ್ತನಷ್ಟೆ; ವಟುವು ಮೂರು ಸಲ ಕೂಗಿ ಕೆಳಗಿಟ್ಟುಬಿಡಲು, ಕೈಲಾಸವನ್ನೇ ಅಲುಗಿಸಿದ ಇಪ್ಪತ್ತು ತೋಳುಗಳು ಸೆಳೆದರೂ ಶಿಲೆಯು ಗೋವಿನ ಕಿವಿಯಂತೆ ತಿರುಚಿಕೊಂಡಿತೇ ಹೊರತು ಕಿತ್ತುಬರಲಿಲ್ಲ. ಇದರಿಂದ ಎರಡು ಸಿದ್ಧಾಂತಗಳು ಲಭಿಸುವುವು. ತೋಳುಗಳ ಸಂಖ್ಯೆಯಿಂದ ಶಿಲೆಯು ವಶವಾಗದು, ಇದು ಮೊದಲನೆಯದು; ಕೆಳಗೆ ಕೈಚಾಚಿ ನಿಂತು ಕಾಯುವ ಮಿತ್ರನನ್ನು ಎಚ್ಚರಿಕೆಯಿಂದ ಆರಿಸಿಕೊಳ್ಳತಕ್ಕದ್ದು, ಇದು ಎರಡನೆಯದು.

ಸಾಧನಗಳು ಮೂರು. ಬೀಳುವವನಿಗಾಗಿ ಹಾಸುವ ಮಡಿಚುವ ಹಾಸಿಗೆ ಮೊದಲನೆಯದು, ಬಸ್ಸಿನ ನಿರ್ವಾಹಕರು ಅದನ್ನು ಸುತ್ತಲೂ ನೋಡಿ, “ಏನ್ ಸ್ವಾಮಿ, ಅಲ್ಲಿ ಲಾಡ್ಜುಗಳಿಲ್ವಾ?” ಎಂದು ಕೇಳಿ ಲಗೇಜಿನ ಚೀಟಿಯನ್ನು ಹರಿದರು. ಒಂದಳತೆ ಚಿಕ್ಕದಾದ ರಬ್ಬರಿನ ಪಾದರಕ್ಷೆ ಎರಡನೆಯದು. ಅದನ್ನು ಧರಿಸಿದವನಿಗೆ ಬಂಡೆಯ ಭಯಕ್ಕಿಂತ ಬೆರಳಿನ ನೋವೇ ಪ್ರಬಲವಾಗುವುದರಿಂದ ಅದು ಧೈರ್ಯಪ್ರದವೆನಿಸಿದೆ. ಮೂರನೆಯದು ಆ ಬಿಳಿಯ ಪುಡಿ, ಎಂದರೆ ಮೆಗ್ನೀಸಿಯಂ ಕಾರ್ಬೊನೇಟ್. ಬೆವರನ್ನು ಹೀರುವುದು ಇದರ ಧರ್ಮವಾದರೂ, ಕಡಲಿನ ಉಪ್ಪುಗಾಳಿಯಲ್ಲಿ ಅದು ಕ್ಷಣಾರ್ಧದಲ್ಲಿ ದೋಸೆಹಿಟ್ಟಿನ ಹದಕ್ಕೆ ಬರುವುದು; ಮೊದಲ ದಿನದ ಸಂಜೆ ನಾವು ನಾಲ್ವರೂ ವಿಭೂತಿಧಾರಿಗಳಾಗಿ ಪೇಟೆಯಲ್ಲಿ ನಡೆಯುತ್ತಿರಲು ಯಾತ್ರಿಕರೊಬ್ಬರು ಕೈಮುಗಿದರು.

ಕಡಲು ಈ ಶಾಸ್ತ್ರಕ್ಕೆ ಕಾಲವೆಂಬ ನಿಯಾಮಕವನ್ನು ಸೇರಿಸುವುದು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷಗಳಾದುದರಿಂದ, ನಿನ್ನೆ ಹಾಸಿಗೆಯನ್ನು ಹಾಸಿದ ಹೊತ್ತಿಗೆ ಇಂದು ಅಲ್ಲಿ ಇನ್ನೂ ನೀರಿರುವುದು. ನೀರಿಳಿದ ಮೇಲೆ ಬಂಡೆಯ ಬುಡದಲ್ಲಿ ಪಾಚಿಯೂ, ಗರಗಸದಂತಹ ಚಿಪ್ಪುಗಳೂ ಉಳಿಯುವುವು. ನಾನು ಶನಿವಾರ ಕೈಕೊಂಡ ಸಮಸ್ಯೆಯಲ್ಲಿ ಎಡಗೈಗೆ ದೊರೆತುದು ಎರಡು ಬೆರಳುಗಳ ಮೊದಲ ಗೆಣ್ಣು ಮಾತ್ರ ಕೂರುವ ಒಂದು ಅಂಚು. ಅಲ್ಲಿಗೆ ಮುಟ್ಟಿ, ಬಲಗಾಲನ್ನು ಸೊಂಟದವರೆಗೆ ಎತ್ತಿ, ಇನ್ನೇನು ಮೇಲೇಳಬೇಕೆನ್ನುವಷ್ಟರಲ್ಲಿ ಮೊಣಕಾಲು ಹೊಲಿಗೆಯಂತ್ರದಂತೆ ನಡುಗತೊಡಗುವುದು. ಮರುಕ್ಷಣ ಹಾಸಿಗೆ, ಆಕಾಶ, ಅದರ ನಡುವೆ ಮಿತ್ರರ ಮೂರು ಮುಖಗಳು. ಹೀಗೆ ಹನ್ನೊಂದು ಸಲ.

ಹನ್ನೊಂದನೆಯ ಪತನದ ಅನಂತರ ಪೂರ್ವಪಕ್ಷವು ಉದಯಿಸಿತು. ಲಿಂಬು ಶರಬತ್ತನ್ನು ಮಾರುತ್ತಿದ್ದ ಅಜ್ಜಿಯೊಬ್ಬಳು ಬೆಳಗಿನಿಂದ ನೋಡುತ್ತಿದ್ದು, ಇನ್ನು ತಾಳಲಾರದೆ ಹತ್ತಿರ ಬಂದಳು.

“ಅಲ್ಲಾ ತಮಾ, ಹಿಂದ್ಗಡೆ ದಾರಿ ಅದ್ಯಲಾ. ನಮ್ಮನೆ ಆಡು ದಿನಾ ಹತ್ತತದೆ.”

“ಗೊತ್ತಜ್ಜಿ. ಆ ದಾರಿ ಲೆಕ್ಕಕ್ಕೆ ಬರಲ್ಲ.”

“ಯಾರ ಲೆಕ್ಕಕ್ಕೆ?”

ಈ ಪ್ರಶ್ನೆಗೆ ಸಮಾಧಾನವನ್ನು ನಾವು ಶರಬತ್ತು ಮುಗಿಯುವವರೆಗೂ ಹುಡುಕಿದೆವು.

ಅಧಿಕಾರಿಯ ವಿಚಾರವು ಸಂಕ್ಷಿಪ್ತ. ಸಮಸ್ಯೆಗಳ ಕಾಠಿಣ್ಯವನ್ನು ‘ವಿ’ ಎಂಬ ಅಕ್ಷರದ ಮುಂದೆ 0ಯಿಂದ ಮೇಲೇರುವ ಅಂಕಿಗಳಿಂದ ಅಳೆಯುವರು. 17ನ್ನು ಮುಟ್ಟಿದವರು ಲೋಕದಲ್ಲಿ ಕೆಲವೇ ಮಂದಿ. ಪ್ರಕೃತ ಗ್ರಂಥಕರ್ತನು 0ಯಲ್ಲಿ ದೃಢವಾಗಿ ನೆಲೆನಿಂತ ಶೂನ್ಯವಾದಿ.

ಕೊನೆಗೆ ಪ್ರಯೋಜನ. ಪ್ರತ್ಯಕ್ಷದಿಂದಲೂ ಅನುಮಾನದಿಂದಲೂ ಅದು ತಿಳಿದುಬರಲಿಲ್ಲವಾಗಿ, ಇಲ್ಲದುದನ್ನು ಇಲ್ಲವೆಂದೇ ಅರಿಯುವ ಅನುಪಲಬ್ಧಿಯೆಂಬ ಪ್ರಮಾಣವನ್ನು ಆಶ್ರಯಿಸಬೇಕಾಯಿತು. ಭಾನುವಾರದ ಇಳಿಹೊತ್ತು, ಬಸ್ಸಿಗೆ ಎರಡು ಗಂಟೆ ಉಳಿದಿರುವಾಗ, ಆ ಅಂಚು ಬೆರಳಿಗೆ ಕಚ್ಚಿತು. ಮೊಣಕಾಲು ನಡುಗುವುದನ್ನು ಮರೆಯಿತು. ಹೊಟ್ಟೆಯನ್ನು ತೆವಳಿಸಿಕೊಂಡು ನಾನು ನೆತ್ತಿಗೇರಿದೆನು. ಕೆಳಗೆ ಮೂವರೂ ಕೂಗಿದರು, ಮುಂದೆ ಕಡಲು ಹೊನ್ನಾಗಿತ್ತು, ಪಕ್ಕದಲ್ಲಿ ಅಜ್ಜಿಯ ಆಡು ಮಲಗಿ ಮೆಲುಕು ಹಾಕುತ್ತಿತ್ತು. ಅದು ನನ್ನನ್ನು ಒಮ್ಮೆ ನೋಡಿ, ಎದ್ದು, ಮೈಕೊಡವಿ, ಹಿಂದಿನ ದಾರಿಯನ್ನು ಹಿಡಿಯಿತು. ಏರುವಾಗ ನಿಷಿದ್ಧವಾದ ದಾರಿಯು ಇಳಿಯುವಾಗ ಶಾಸ್ತ್ರಸಮ್ಮತವೇ ಆದುದರಿಂದ, ನಾನೂ ಅದರ ಬೆನ್ನಿಗೇ ಇಳಿದೆನು.