ಕ್ಯಾಪ್ಟನ್‌ಗೆ ಮೂವತ್ತಾರು

ಹಡಗಿನಲ್ಲಿ 26 ಕುರಿ, 10 ಆಡು ಇವೆ. ಕ್ಯಾಪ್ಟನ್ ವಯಸ್ಸೆಷ್ಟು? 1979ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 97 ಪುಟ್ಟ ಮಕ್ಕಳ ಮುಂದೆ ಈ ಪ್ರಶ್ನೆ ಇಟ್ಟರು. 76 ಮಕ್ಕಳು ಇದ್ದ ಅಂಕಿಗಳನ್ನೇ ಹೇಗೋ ಸೇರಿಸಿ ಉತ್ತರ ಬರೆದುಬಿಟ್ಟವು. ಅಲ್ಲಿನವರು ಇದನ್ನೊಂದು ದೊಡ್ಡ ಚಿಂತೆ ಮಾಡಿಕೊಂಡರು. ನಮ್ಮಲ್ಲಾಗಿದ್ದರೆ ಉಳಿದ 21 ಮಕ್ಕಳ ಅಪ್ಪ-ಅಮ್ಮನನ್ನು ಶಾಲೆಗೆ ಕರೆಸುತ್ತಿದ್ದೆವು.

ಹೇಳಿಕೆ ರೂಪದ ಲೆಕ್ಕವನ್ನು ಓದದೆಯೇ ಬಿಡಿಸುವ ವಿದ್ಯೆಯಲ್ಲಿ ನಮ್ಮ ಟ್ಯೂಷನ್‌ಗಳು ಬಹಳ ಮುಂದೆ ಹೋಗಿವೆ. 'ಒಟ್ಟು' ಕಂಡರೆ ಕೂಡು, 'ಉಳಿದ' ಕಂಡರೆ ಕಳೆ, 'ತಲಾ' ಕಂಡರೆ ಭಾಗಿಸು. ಮಿಕ್ಕ ಪದಗಳೆಲ್ಲ ಪುಟ ತುಂಬಿಸಲಿಕ್ಕೆ. 'ರಾಮು 3 ಮಾವಿನಹಣ್ಣು ತಿಂದ, 5 ಉಳಿದವು, ಮೊದಲು ಎಷ್ಟಿದ್ದವು?' ಎಂದು ಕೇಳಿ ನೋಡಿ. ತರಬೇತಾದ ಮಗು 'ಉಳಿದ' ಪದದ ಮೇಲೆ ಎರಗಿ, ಕಳೆದು, ಎರಡು ಎನ್ನುತ್ತದೆ. ರಾಮು ಇರುವ ಎರಡು ಹಣ್ಣಿನಲ್ಲಿ ಮೂರು ತಿಂದು ಇನ್ನೂ ಐದು ಉಳಿಸಿಕೊಳ್ಳುತ್ತಾನೆ. ಇಂಥವನನ್ನು ಹಣಕಾಸು ಇಲಾಖೆಗೆ ಕಳಿಸಬೇಕು.

ಭಿನ್ನರಾಶಿಗೆ ಬಂದರೆ ಇನ್ನೂ ಸೊಗಸು. ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು. "ಭಾಗಿಸಿದ್ರೆ ಕಮ್ಮಿ ಆಗ್ಬೇಕಲ್ವಾ ಮಿಸ್, ಜಾಸ್ತಿ ಆಯ್ತಲ್ಲ?" ಎಂದು ಹಿಂದಿನ ಬೆಂಚಿನಿಂದ ಒಂದು ದನಿ. ಆ ವರ್ಷವಿಡೀ ತರಗತಿಯಲ್ಲಿ ನಡೆದ ಗಣಿತ ಎಂದರೆ ಅದೊಂದೇ ವಾಕ್ಯ. ಅರ್ಧ ಲೀಟರ್ ಹಾಲು, ಕಾಲು ಲೀಟರಿನ ಲೋಟ ತಂದಿಟ್ಟು "ನೀನೇ ಸುರಿದು ನೋಡೋ, ಎಷ್ಟು ಲೋಟ ತುಂಬುತ್ತೆ" ಎಂದಿದ್ದರೆ ಸಾಕಿತ್ತು. ಆದರೆ ಬಂದ ಉತ್ತರ: "ತಲೆಕೆಳಗು ಮಾಡಿ ಗುಣಿಸು, ನನ್ನ ತಲೆ ತಿನ್ನಬೇಡ."

ಮಗುವಿನ ಆಲೋಚನೆಯೇ ಗಣಿತದ ದಾರಿ ಹಿಡಿಯಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲೇ ಬರೆದಿತ್ತು. ಒಳ್ಳೆಯ ಮಾತು, ಎಷ್ಟು ಅಂಕಕ್ಕೆ ಬರುತ್ತದೆಂದು ಬರೆಯಲು ಮರೆತರು, ಹಾಗಾಗಿ ಯಾರೂ ಓದಲಿಲ್ಲ. ಅಪ್ಪ-ಅಮ್ಮಂದಿರು ಮಗುವನ್ನು ಅಬಾಕಸ್ ಕ್ಲಾಸಿಗೆ ಸೇರಿಸಿ, ಅದು ಕಣ್ಣುಮುಚ್ಚಿ ಬೆರಳಾಡಿಸುತ್ತ ಉದ್ದುದ್ದದ ಸಂಖ್ಯೆ ಕೂಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಾರೆ. ಅದೇ ಮೊಬೈಲಿನೊಳಗೆ ಕ್ಯಾಲ್ಕುಲೇಟರ್ ತೆಪ್ಪಗೆ ಕುಳಿತಿರುತ್ತದೆ.

ನಮ್ಮ ಹಿರಿಯರಿಗಂತೂ ಸಮಯದ ಬೆಲೆಯೇ ಗೊತ್ತಿರಲಿಲ್ಲ. ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದಂತೆಯೇ ಇರುತ್ತದೆ ಎಂದ. ತಪ್ಪು. ಕೆಂಪು ಶಾಯಿಯ ಪೆನ್ನು ಹಿಡಿದವರು ಯಾರೂ ಹತ್ತಿರದಲ್ಲಿರಲಿಲ್ಲವೇನೋ, ಪುಸ್ತಕ ಉಳಿಯಿತು. 1150ರಲ್ಲಿ ಭಾಸ್ಕರಾಚಾರ್ಯ 'ಲೀಲಾವತಿ' ಬರೆದು, ಹಾಗೆ ಭಾಗಿಸಿ ಬಂದದ್ದು 'ಖಹರ' ಎಂಬ ಬೇರೆಯೇ ರಾಶಿ ಎಂದ. ಅದೂ ಮುಗಿದ ಮಾತಲ್ಲ. ಹೀಗೆ ಒಂದು ಸೊನ್ನೆಯ ಮುಂದೆ ಮುನ್ನೂರು ವರ್ಷ ಕೂತರೆ ಪೋರ್ಷನ್ ಮುಗಿಯುವುದು ಯಾವಾಗ? ಜನವರಿಯಿಂದ ರಿವಿಷನ್ ಬೇರೆ ಶುರು.