ಆಂಗ್ಲ ಮೌನವ್ಯಂಜನ ಮೀಮಾಂಸೆ

ವ್ಯಂಜನವೆಂಬ ಶಬ್ದಕ್ಕೆ ನಮ್ಮಲ್ಲಿ ಅರ್ಥಗಳೆರಡು: ಎಲೆಯ ಮೇಲೆ ಬಡಿಸುವ ಪಲ್ಯ, ಕೋಸಂಬರಿ, ಗೊಜ್ಜುಗಳು ಒಂದು, ನಾಲಗೆಯ ಮೇಲೆ ಹೊರಳುವ ಕಕಾರಾದಿ ವರ್ಣಗಳು ಇನ್ನೊಂದು. ವೈಯಾಕರಣರು ಇವೆರಡನ್ನೂ ಬೇರೆಯೆಂದು ಬಗೆದಿರುವುದು, ಊಟದ ವೇಳೆಗೆ ಅವರು ಶಾಸ್ತ್ರವನ್ನು ಮುಚ್ಚಿಡುತ್ತಿದ್ದರೆಂಬುದಕ್ಕೆ ಸಾಕ್ಷಿಯೇ ಹೊರತು ಬೇರೆ ಪ್ರಮಾಣವಲ್ಲ. ಅನ್ನವಿಲ್ಲದೆ ಗೊಜ್ಜನ್ನು ಉಣ್ಣಲಾಗದು, ಸ್ವರವಿಲ್ಲದೆ ಕಕಾರವನ್ನು ನುಡಿಯಲಾಗದು. ಆದುದರಿಂದ ಎರಡೂ ಒಂದೇ ಎಂದು ಪ್ರಸ್ತುತ ಲೇಖಕನು ಸಿದ್ಧಾಂತ ಮಾಡಿರುತ್ತಾನೆ.

ಇಲ್ಲಿ ಪೂರ್ವಪಕ್ಷಿಯು ಜಾರ್ಜಿಯಾ ದೇಶದತ್ತ ಬೆರಳು ತೋರಿಸುವನು. ಅಲ್ಲಿಯವರು ‘ನೀನು ನಮ್ಮ ಸಿಪ್ಪೆ ಸುಲಿಯುತ್ತೀಯೆ’ ಎಂಬುದನ್ನು ‘ಗ್‌ವ್‌ಪ್‌ರ್‌ತ್ಸ್‌ಕ್‌ವ್‌ನಿ’ ಎಂಬ ಒಂದೇ ಪದದಲ್ಲಿ, ಎಂಟು ವ್ಯಂಜನಗಳ ಬಾಲಕ್ಕೆ ಒಂದೇ ಸ್ವರವನ್ನು ಕಟ್ಟಿ ಹೇಳಿಬಿಡುತ್ತಾರೆ. (ಇದನ್ನು ಕ್ರಮವಾಗಿ ಒತ್ತಕ್ಷರಗಳಲ್ಲಿ ಇಳಿಸಿಕೊಡಬೇಕೆಂದು ಕೇಳಿದಾಗ, ಮೊಳೆ ಜೋಡಿಸುವಾತನು ಕೈಯಲ್ಲಿದ್ದ ಮೊಳೆಗಳನ್ನು ಕೆಳಗಿಟ್ಟು, ಕೆಳಗಿನ ಮೂರು ಸಾಲುಗಳ ಜಾಗವನ್ನು ಯಾರು ಕೊಡುವರೆಂದು ಕೇಳಿದನು.) ಎಂಟು ಬಗೆಯ ಗೊಜ್ಜಿಗೆ ಒಂದೇ ತುತ್ತು ಅನ್ನ! ಹವಾಯಿ ದ್ವೀಪದವರಲ್ಲಾದರೋ ಅನ್ನ ಯಥೇಚ್ಛ, ವ್ಯಂಜನಗಳು ಮಾತ್ರ ಎಂಟೇ. ಕ್ರೈಸ್ತರ ‘ಮೆರಿ ಕ್ರಿಸ್‌ಮಸ್’ ಆ ತೀರಕ್ಕೆ ಬಂದಿಳಿದಾಗ, ಸಕಾರ ರೇಫಗಳಿಗೆ ಅಲ್ಲಿ ಬಿಡಾರ ದೊರೆಯದೆ ‘ಮೆಲೆ ಕಲಿಕಿಮಕ’ ಎಂದು ವೇಷ ಬದಲಿಸಬೇಕಾಯಿತು. ಇವರೆಲ್ಲರೂ ಬಡಿಸಿದ್ದನ್ನು ಉಣ್ಣುವವರು. ಹೆಚ್ಚಾದರೂ ಸರಿ, ಕಡಮೆಯಾದರೂ ಸರಿ. ಬಡಿಸಿಕೊಂಡು ಮುಟ್ಟದೆ ಏಳುವವರು ಆಂಗ್ಲರು.

‘ನೈಟ್’ ಎಂಬ ವೀರನನ್ನು ಪರಾಮರ್ಶಿಸೋಣ. ಕೆ, ಎನ್, ಐ, ಜಿ, ಎಚ್, ಟಿ ಎಂಬ ಆರು ಮಂದಿಯ ಪರಿವಾರದೊಡನೆ ಕಾಗದದ ಮೇಲೆ ದಯಮಾಡಿಸುವ ಈತನು ಕಿವಿಯನ್ನು ಮುಟ್ಟುವಷ್ಟರಲ್ಲಿ ಮೂವರು ಕಾಣೆಯಾಗಿರುತ್ತಾರೆ. ಪ್ರಾಚೀನ ಆಂಗ್ಲದಲ್ಲಿ ಇವನ ಹೆಸರು ‘ಕ್ನಿಹ್ತ್’. ಹುಡುಗ, ಊಳಿಗದವನು ಎಂದರ್ಥ. ಆಗ ಕಕಾರವೂ ದುಡಿಯುತ್ತಿತ್ತು, ಹಕಾರವೂ ಗಂಟಲಲ್ಲಿ ಕ್ಯಾಕರಿಸುತ್ತಿತ್ತು. ಇವನ ಜ್ಞಾತಿಯಾದ ಜರ್ಮನಿಯ ‘ಕ್ನೆಖ್ಟ್’ ಇಂದಿಗೂ ಆಳೇ. ಅವನ ಕಕಾರ ಇಂದಿಗೂ ಹೊತ್ತಾರೆ ಎದ್ದು ಕೆಲಸಕ್ಕೆ ಹೋಗುತ್ತಿದೆ. ಇಂಗ್ಲೆಂಡಿನವನು ಮಾತ್ರ ಅರಸನಿಂದ ಬಿರುದು ಹೊತ್ತು ಸರದಾರನಾದನಾಗಿ, ಅವನ ಕಕಾರವು ಇನಾಮುದಾರನಂತೆ ಪದದ ಹಜಾರದಲ್ಲಿ ದಿಂಬಿಗೊರಗಿ ಕುಳಿತಿರುವುದು. ಹಾಗಾದರೆ ‘ನೀ’ ಎಂಬ ಮೊಣಕಾಲಿನ ಕಕಾರಕ್ಕೆ ಯಾರು ಬಿರುದು ಕೊಟ್ಟರೆಂದು ಕುಚೋದ್ಯ ಮಾಡುವವರುಂಟು. ಬಿರುದು ಪಡೆಯುವಾಗ ಅರಸನ ಮುಂದೆ ಊರಿದ್ದು ಆ ಮೊಣಕಾಲನ್ನೇ ಅಲ್ಲವೆ?

ಇನ್ನು ‘ಡೆಟ್’, ಎಂದರೆ ಸಾಲ. ಫ್ರೆಂಚರಿಂದ ಈ ಪದವನ್ನು ತಂದಾಗ ಅದರಲ್ಲಿ ಬಕಾರದ ಸುಳಿವೂ ಇರಲಿಲ್ಲ. ತರುವಾಯದ ಪಂಡಿತರು ಅದರ ಮೂಲಪುರುಷನು ಲ್ಯಾಟಿನ್ನಿನ ‘ಡೆಬಿಟುಮ್’ ಎಂದು ವಂಶವೃಕ್ಷ ತೆಗೆದು, ಅಜ್ಜನ ಆಸ್ತಿಯೆಂದು ಒಂದು ಬಕಾರವನ್ನು ಮೊಮ್ಮಗನ ತಲೆಗೆ ಕಟ್ಟಿದರು. ಸಾಲವೆಂಬ ಪದವೇ ಅಕ್ಷರವನ್ನು ಸಾಲ ತಂದು, ಶತಮಾನಗಳು ಕಳೆದರೂ ಹಿಂದಿರುಗಿಸದಿರುವುದು ಋಣಶಾಸ್ತ್ರಜ್ಞರು ಗಮನಿಸತಕ್ಕ ವಿಷಯ. 1598ರಲ್ಲಿ ಅಚ್ಚಾದ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಷೇಕ್ಸ್‌ಪಿಯರನು ಹೊಲೊಫರ್ನಿಸ್ ಎಂಬ ಉಪಾಧ್ಯಾಯನನ್ನು ರಂಗಕ್ಕೆ ತಂದಿದ್ದಾನೆ. ಬಕಾರವನ್ನು ಬಾಯಿಬಿಟ್ಟು ಉಚ್ಚರಿಸದವರನ್ನು ಕಂಡರೆ ಆತನಿಗೆ ಮೈಯುರಿ. ಪ್ರೇಕ್ಷಕರು ಅವನನ್ನು ಕಂಡು ನಗಲೆಂಬುದು ಕವಿಯ ಉದ್ದೇಶ. ಪ್ರಸ್ತುತ ಲೇಖಕನಿಗೆ ಆ ನಾಟಕದಲ್ಲಿ ವಿವೇಕಿಯಾಗಿ ಕಂಡವನು ಅವನೊಬ್ಬನೇ.

ದ್ವೀಪವಾಚಿಯಾದ ‘ಐಲೆಂಡ್’ ಎಂಬುದರ ಸಕಾರದ ಗತಿ ಇದಕ್ಕಿಂತ ಶೋಚನೀಯ: ಅದು ಅಚ್ಚ ಆಂಗ್ಲ ಮನೆತನದ ಪದವಾಗಿದ್ದರೂ ಲ್ಯಾಟಿನ್ ‘ಇನ್ಸುಲಾ’ದ ಸಂತಾನವೆಂದು ಭ್ರಮಿಸಿ, ಅನ್ಯಗೋತ್ರದ ಸಕಾರವನ್ನು ದತ್ತು ಕೊಟ್ಟರು. ‘ಕರ್ನಲ್’ ಎಂಬ ಸೇನಾನಿಯಲ್ಲಿ ಬರೆದದ್ದು ಲಕಾರ, ನುಡಿಯುವುದು ರೇಫ. ಇದು ಶುದ್ಧ ಪರಕಾಯಪ್ರವೇಶ. ದೆವ್ವವೆಂಬರ್ಥದ ‘ಘೋಸ್ಟ್’ ಪದದ ವಿಚಾರವನ್ನಂತೂ ಹಗಲಿನಲ್ಲಿ ಓದುವುದೇ ಮೇಲು. 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದ ವಿಲಿಯಂ ಕ್ಯಾಕ್ಸ್‌ಟನ್ನನು ಅದಕ್ಕೆ ಮೊದಲು ಬಹುಕಾಲ ಫ್ಲೆಮಿಷ್ ಸೀಮೆಯಲ್ಲಿದ್ದವನು. ಅಲ್ಲಿಯ ಬರವಣಿಗೆಯ ರೂಢಿಯಿಂದಲೇ ಈ ಪದದೊಳಗೆ ಎಚ್ ಅಕ್ಷರ ಹೊಕ್ಕಿತೆಂದು ವಿದ್ವಾಂಸರ ಅಭಿಪ್ರಾಯ. ಕಣ್ಣಿಗೆ ಕಾಣುತ್ತ ಕಿವಿಗೆ ಕೇಳದಿರುವ ಈ ಅಕ್ಷರವು, ದೆವ್ವದ ಮೈಮೇಲೆಯೇ ಬಂದಿರುವ ಇನ್ನೊಂದು ದೆವ್ವ. ಬಿಡಿಸಬಲ್ಲ ಮಾಂತ್ರಿಕನು ಈವರೆಗೆ ಹುಟ್ಟಿಲ್ಲ.

ನುಡಿದಂತೆ ಬರೆಯುವ ಕನ್ನಡಿಗರಾದ ನಾವು ಇದನ್ನೆಲ್ಲ ಕೇಳಿ ಮೀಸೆ ತಿರುವುವುದು ಸಹಜ. ಆದರೆ ಆಂಗ್ಲರು ‘ಪಿನ್’ ಎನ್ನುವಾಗ ಪಕಾರಕ್ಕೆ ಮಹಾಪ್ರಾಣವನ್ನೂದಿ, ‘ಸ್ಪಿನ್’ ಎನ್ನುವಾಗ ಊದದೆ ಬಿಡುತ್ತಾರೆ. ಅವರಲ್ಲಿ ಮಹಾಪ್ರಾಣವುಂಟು, ಅಕ್ಷರವಿಲ್ಲ. ನಮ್ಮಲ್ಲಿ ಅಕ್ಷರವುಂಟು; ಬಾಯಿಗೆ ಬಂದಾಗ ಅನೇಕರಲ್ಲಿ ಧನವೂ ದನವೂ ಒಂದೇ ಕೊಟ್ಟಿಗೆಯಲ್ಲಿ ಮಲಗುತ್ತವೆ. ಪಕಾರಕ್ಕೆ ನಾವು ಮಾಡಿದ್ದೇನು ಕಡಮೆಯೆ? ಸಂಸ್ಕೃತದ ‘ಪಿತೃ’ವಿನಲ್ಲಿ ಉಳಿದಿರುವ ಪಕಾರವು ಆಂಗ್ಲರ ‘ಫಾದರ್’ನಲ್ಲಿ ತುಟಿ ಸಡಿಲಿ ಊದುವರ್ಣವಾದ ಕ್ರಮವನ್ನು, ಅಡುಗೂಲಜ್ಜಿಯ ಕಥೆಗಳಂಥವನ್ನು ಕೂಡಿಹಾಕಿದ ಸೋದರರಲ್ಲಿ ಹಿರಿಯನಾದ ಯಾಕೊಪ್ ಗ್ರಿಮ್ಮನು 1822ರಲ್ಲಿ ನಿಯಮಬದ್ಧವಾಗಿ ನಿರೂಪಿಸಿದನು. ಹಳಗನ್ನಡದ ‘ಪಾಲ್’ ‘ಪುಲಿ’ ‘ಪಣ್’ಗಳು ಹಾಲು, ಹುಲಿ, ಹಣ್ಣುಗಳಾದುದೂ ಇಂಥದೇ ಪಲಾಯನ, ನಮ್ಮ ಪಕಾರ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದು ಗಂಟಲನ್ನೇ ಸೇರಿಕೊಂಡಿತು.

ಅಲ್ಲಿಯಾದರೂ ಅದು ಸುಖವಾಗಿರುವುದೇ ಎಂಬ ಸಂಶೋಧನೆಗಾಗಿ ಈ ಲೇಖಕನು ಹಳೆಯ ಮೈಸೂರಿನ ಒಂದು ಹಳ್ಳಿಗೆ ಹೋಗಿದ್ದನು. ಮನೆಯ ಯಜಮಾನಿತಿಯು ಲೋಟವನ್ನು ಮುಂದಿಟ್ಟು, “ವಸಿ ಆಲು ಕುಡೀರಿ ಸ್ವಾಮಿ, ಬಾಳೆಅಣ್ಣೂ ಐತೆ” ಎಂದಳು. ಪಾಲ್, ಹಾಲು, ಆಲು! ಮೂರು ಅವಸ್ಥೆಗಳೂ ಸಾಕ್ಷಾತ್ಕಾರವಾದ ಆನಂದದಲ್ಲಿ ಲೇಖಕನು ಟಿಪ್ಪಣಿ ಪುಸ್ತಕವನ್ನು ತೆರೆದು, “ತಾಯೀ, ಈ ಹಾಲಿನಲ್ಲಿ ಇರಬೇಕಾದ್ದೊಂದು ಹೋಗಿದೆಯಲ್ಲ, ಎಲ್ಲಿಗೆ ಹೋಯಿತು?” ಎಂದು ವಿನಯದಿಂದ ಕೇಳಿದನು.

ಆಕೆ ಲೋಟವನ್ನು ಬಗ್ಗಿ ನೋಡಿ, “ಕೆನೆ ಓಗಿದ್ರೆ ಬೆಕ್ಕೇ ತಿಂದಿರ್ಬೇಕು ಸ್ವಾಮಿ” ಎಂದಳು.